ಜನ ತಿರುಗಾಡ್ತಾರೆ ಸರಿ, ದುಡ್ಡು ತಿರುಗಿ ಬರುತ್ತಾ?

2020ರ ಏಪ್ರಿಲ್, ಮೇ ತಿಂಗಳಲ್ಲಿ ದೇಶದಲ್ಲಿ ಎಲ್ಲದರ ಓಡಾಟ ನಿಂತಿತ್ತು. ಒಂದು ಸಲಹೆ ಮಾತ್ರ ಯಾವ ಪಾಸೂ ಇಲ್ಲದೆ ಊರೂರು ತಿರುಗುತ್ತಿತ್ತು. "ಕೊರೊನಾ ಇವತ್ತಲ್ಲ ನಾಳೆ ಹೋಗುತ್ತೆ. ಜನ ಜೀವಮಾನವೆಲ್ಲ ಮನೆಯಲ್ಲಿ ಕೂರಲ್ಲ, ಮತ್ತೆ ತಿರುಗಾಡ್ತಾರೆ. ವಿಮಾನ, ಹೋಟೆಲ್, ಟ್ರಾವೆಲ್ ಕಂಪನಿಗಳ ಷೇರು ಈಗ ಅರ್ಧ ಬೆಲೆಗೆ ಬಿದ್ದಿವೆ. ಈಗ ತಗೊಂಡವನೇ ಜಾಣ." ಯೂಟ್ಯೂಬಿನಲ್ಲಿ ಇದೇ, ಆಫೀಸಿನ ಝೂಮ್ ಮೀಟಿಂಗ್ ಮುಗಿದ ಮೇಲಿನ ಹರಟೆಯಲ್ಲೂ ಇದೇ. ಸಿಂಧನೂರು ತಾಲ್ಲೂಕಿನ ನಮ್ಮ ಸಾಲಗುಂದದಿಂದ ಹೊರಟು ಬೆಂಗಳೂರು, ಹೈದರಾಬಾದ್ ಸೇರಿದವರ ವಾಟ್ಸಾಪ್ ಗುಂಪಿನಲ್ಲೂ ಇದೇ ಫಾರ್ವರ್ಡ್ ಬಂದಿತ್ತು.

ಈಗ ಆ ಸಲಹೆ ಕೊಟ್ಟವರೆಲ್ಲ ಎದೆ ಉಬ್ಬಿಸಿ ಮಾತಾಡುತ್ತಾರೆ. "ನೋಡಿ, 2020ರ ಮಾರ್ಚ್‌ನಲ್ಲಿ ಸಾವಿರ ರೂಪಾಯಿಗಿಂತ ಕೆಳಗೆ ಹೋಗಿದ್ದ ಇಂಡಿಗೋ ಷೇರು 2024ರಲ್ಲಿ ನಾಲ್ಕು ಸಾವಿರ ದಾಟ್ತು. ಹೇಳಿದ್ದೆವಲ್ಲ?" ಹೇಳಿದ್ದು ನಿಜ, ಆ ಬೆಲೆಯೂ ನಿಜ. ಆದರೆ ಆ ಸಲಹೆ ಅಂದೂ ಅರ್ಧಂಬರ್ಧವಾಗಿತ್ತು, ಇಂದೂ ಹಾಗೇ ಇದೆ ಎಂಬುದು ನನ್ನ ತಕರಾರು. ಮುಂದಿನ ಸಲ ಇಂಥದ್ದೇ ಆಪತ್ತು ಬಂದಾಗ ಇದೇ ಮಾತು, ಇದೇ ಇಂಡಿಗೋ ಉದಾಹರಣೆ ಹೊತ್ತುಕೊಂಡು, ಹೊಸದಾಗಿ ಸಂಬಳ ಎಣಿಸುತ್ತಿರುವ ಹುಡುಗ ಹುಡುಗಿಯರ ಮೊಬೈಲಿಗೆ ಬರಲಿದೆ. ಅದಕ್ಕೇ ಇದನ್ನು ಈಗಲೇ ಬಿಚ್ಚಿ ನೋಡೋದು ಒಳ್ಳೆಯದು.

ಆ ಸಲಹೆಯೊಳಗೆ ಮೂರು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಪ್ರಶ್ನೆ ಅಂತ ಕಟ್ಟಿ ಕೊಟ್ಟಿದ್ದಾರೆ. ಜನ ಮತ್ತೆ ಪ್ರಯಾಣ ಮಾಡ್ತಾರಾ? ಅಷ್ಟು ದಿನ ಈ ಕಂಪನಿ ಬದುಕಿರುತ್ತಾ? ಬದುಕಿದರೂ, ಅದರಲ್ಲಿ ನಿಮ್ಮ ಪಾಲು ಮೊದಲಿದ್ದಷ್ಟೇ ಉಳಿದಿರುತ್ತಾ? ಮೊದಲನೆಯದಕ್ಕೆ ಹೌದು ಅನ್ನೋದಕ್ಕೆ ದೊಡ್ಡ ತಲೆ ಬೇಕಿಲ್ಲ. ದುಡ್ಡು ಹೋಗೋದು ಎರಡನೆಯ ಮತ್ತು ಮೂರನೆಯ ಪ್ರಶ್ನೆಯಲ್ಲಿ.

ಆಗಿನ ಪರಿಸ್ಥಿತಿ ಸ್ವಲ್ಪ ನೆನಪಿಸಿಕೊಳ್ಳೋಣ. 2020ರ ಮಾರ್ಚ್ 23ರ ಒಂದೇ ದಿನ ಸೆನ್ಸೆಕ್ಸ್ 3,935 ಅಂಶ, ಅಂದರೆ ಶೇಕಡಾ 13ರಷ್ಟು ಬಿದ್ದು 25,981ಕ್ಕೆ ನಿಂತಿತು. ಎರಡು ದಿನದಲ್ಲಿ ಲಾಕ್‌ಡೌನ್, ದೇಶದೊಳಗಿನ ವಿಮಾನಗಳೂ ನೆಲ ಹಿಡಿದವು. ಮೇ ತಿಂಗಳಲ್ಲಿ ರಿಸರ್ವ್ ಬ್ಯಾಂಕ್ ರೆಪೋ ದರವನ್ನು 4 ಪರ್ಸೆಂಟಿಗೆ ಇಳಿಸಿತು, ಎಫ್‌ಡಿ ಬಡ್ಡಿ 5 ಪರ್ಸೆಂಟಿನ ಆಸುಪಾಸಿಗೆ ಬಂತು. ಮನೆಯಲ್ಲಿ ಕೂತ ಕೈಯಲ್ಲಿ ಮೊಬೈಲ್ ಇತ್ತು, ಮೊಬೈಲಿನಲ್ಲಿ ಆ್ಯಪ್ ಇತ್ತು. 2020ರ ಮಾರ್ಚ್‌ನಲ್ಲಿ ಸುಮಾರು 4 ಕೋಟಿ ಇದ್ದ ಡಿಮ್ಯಾಟ್ ಖಾತೆಗಳು ಎರಡು ವರ್ಷದಲ್ಲಿ ಸುಮಾರು 9 ಕೋಟಿ ಆದವು. 2021ರ ಜನವರಿಯಲ್ಲಿ ಸೆನ್ಸೆಕ್ಸ್ 50,000 ಮುಟ್ಟಿತು. ಹೊಳೆ ತುಂಬಿ ಬಂದಾಗ ಕಟ್ಟಿಗೆಯೂ ತೇಲುತ್ತೆ, ದೋಣಿಯೂ ತೇಲುತ್ತೆ. ಆ ಹತ್ತು ತಿಂಗಳಲ್ಲಿ ಏನು ಕೊಂಡವನಿಗೂ ತಾನೇ ದೋಣಿ ಕಟ್ಟಿದೆ ಅನ್ನಿಸಿತು.

ಪ್ರಯಾಣದ ವ್ಯಾಪಾರ ಉಳಿದವುಗಳ ಹಾಗಲ್ಲ ಅನ್ನೋದು ಇಲ್ಲೇ ಮರೆತುಹೋಯಿತು. ನಮ್ಮ ಕಡೆ ಭತ್ತ ಬೆಳೆಯುವವರಿಗೆ ಇದನ್ನು ಒಂದು ಮಾತಿನಲ್ಲಿ ಹೇಳಬಹುದು. ರೇಟು ಬಿದ್ದರೆ ಭತ್ತವನ್ನು ಚೀಲಕ್ಕೆ ತುಂಬಿ ಇಟ್ಟು ಎರಡು ತಿಂಗಳು ಕಾಯಬಹುದು. ಖಾಲಿ ಸೀಟನ್ನು ಹಾಗೆ ಇಡಲಾಗೋದಿಲ್ಲ. ಇವತ್ತು ರಾತ್ರಿ ಖಾಲಿ ಹೋದ ಸ್ಲೀಪರ್ ಬರ್ತು, ಖಾಲಿ ಬಿದ್ದ ಹೋಟೆಲ್ ರೂಮು, ಹಾರದೇ ಹೋದ ವಿಮಾನದ 180 ಸೀಟು ನಾಳೆ ಮಾರಾಟಕ್ಕೆ ಸಿಗಲ್ಲ. ಲಾಕ್‌ಡೌನಿನಲ್ಲಿ ಫ್ರಿಜ್ ಕೊಳ್ಳದವರು ಮುಂದೆ ಕೊಂಡಾರು. ಏಪ್ರಿಲ್‌ನಲ್ಲಿ ಊರಿಗೆ ಹೋಗದವರು ಅಕ್ಟೋಬರಿನಲ್ಲಿ ಎರಡು ಸಲ ಹೋಗ್ತಾರಾ? ಹೋದ ಆದಾಯ ಹೋದ ಹಾಗೇ.

ಖರ್ಚು ಮಾತ್ರ ನಿಲ್ಲೋದಿಲ್ಲ. ಲಾಕ್‌ಡೌನಿನಲ್ಲಿ ಖಾಸಗಿ ಬಸ್ ಮಾಲೀಕರು ಏನು ಮಾಡಿದರು ನೆನಪಿದೆಯಲ್ಲ? ತೆರಿಗೆಯಾದರೂ ಉಳಿಯಲಿ ಅಂತ ಗಾಡಿಯ ದಾಖಲೆಗಳನ್ನು ಆರ್‌ಟಿಒಗೆ ಸರೆಂಡರ್ ಮಾಡಿದರು. ಸಾಲದ ಕಂತಿಗೆ ರಿಸರ್ವ್ ಬ್ಯಾಂಕ್ ಆಗಸ್ಟ್ ತನಕ ವಿನಾಯಿತಿ ಕೊಟ್ಟಿತು, ಆದರೆ ಅದು ಕಂತಿಗೆ ಕೊಟ್ಟ ರಜೆ. ಬಡ್ಡಿ ರಜೆ ಹಾಕದೆ ಬೆಳೀತಾನೇ ಇತ್ತು. "ಗಾಡಿ ನಿಂತ್ರೂ ಕಂತು ನಿಲ್ಲಂಗಿಲ್ಲ" ಅಂತ ನಮ್ಮ ಕಡೆಯವರು ಹೇಳೋದು ಇದಕ್ಕೇ. ಎರಡು ಬಸ್ ಇಟ್ಟವರ ಕಷ್ಟ ಮತ್ತು ಇನ್ನೂರು ವಿಮಾನ ಇಟ್ಟವರ ಕಷ್ಟ ಮೂಲದಲ್ಲಿ ಒಂದೇ. ವಿಮಾನಗಳು ಹೆಚ್ಚಾಗಿ ಬಾಡಿಗೆಯವು, ಆ ಬಾಡಿಗೆ ಡಾಲರಿನಲ್ಲಿ, ಹಾರಿದರೂ ಹಾರದಿದ್ದರೂ ತಿಂಗಳು ತಿಂಗಳು. ಇಂಡಿಗೋ 2020-21ರಲ್ಲಿ 5,806 ಕೋಟಿ, ಅದರ ಮುಂದಿನ ವರ್ಷ 6,162 ಕೋಟಿ ರೂಪಾಯಿ ನಷ್ಟ ತೋರಿಸಿತು. ದೇಶದ ಅತಿ ದೊಡ್ಡ, ಅತಿ ಗಟ್ಟಿ ವಿಮಾನ ಕಂಪನಿಯ ಕಥೆ ಇದಾದರೆ ಸೊರಗಿದವರ ಕಥೆ ಕೇಳೋದೇ ಬೇಡ.

ಈ ಖರ್ಚಿಗೆಲ್ಲ ದುಡ್ಡು ಎಲ್ಲಿಂದ ಬರಬೇಕು? ಸಾಲ ತರಬೇಕು, ಇಲ್ಲವೇ ಹೊಸ ಷೇರು ಮಾರಬೇಕು, ಇಲ್ಲವೇ ಬಾಗಿಲು ಹಾಕಬೇಕು. ಈ ಮೂರರಲ್ಲಿ ಯಾವುದು ಆದರೂ ಹಳೆಯ ಷೇರುದಾರನಿಗೇ ಏಟು.

ಷೇರುದಾರ ಎಲ್ಲಿ ನಿಂತಿರುತ್ತಾನೆ ಅನ್ನೋದು ತುಂಗಭದ್ರಾ ಎಡದಂಡೆ ಕಾಲುವೆ ನೋಡಿದವರಿಗೆ ಬೇಗ ಅರ್ಥವಾಗುತ್ತೆ. ನೀರು ಬಿಟ್ಟಾಗ ಮೇಲ್ಭಾಗದವರ ಗದ್ದೆ ಮೊದಲು ತುಂಬುತ್ತೆ, ಆಮೇಲೆ ಮಧ್ಯದವರು. ಮಾನ್ವಿ, ಸಿರವಾರ, ರಾಯಚೂರು ಕಡೆಯ ಕೊನೆ ಭಾಗದ ರೈತರು ನೀರಿಗಾಗಿ ವರ್ಷ ವರ್ಷ ರಸ್ತೆಗೆ ಇಳಿಯೋದು ಪೇಪರಿನಲ್ಲಿ ಬರ್ತಾನೇ ಇರುತ್ತೆ. ದಿವಾಳಿಯಾದ ಕಂಪನಿಯಲ್ಲೂ ಇಂಥದ್ದೇ ಒಂದು ಕಾಲುವೆ ಇದೆ. ದಿವಾಳಿ ಪ್ರಕ್ರಿಯೆಯ ಖರ್ಚು, ಅಡಮಾನ ಇಟ್ಟುಕೊಂಡ ಬ್ಯಾಂಕು, ನೌಕರರ ಬಾಕಿ, ಉಳಿದ ಸಾಲಗಾರರು, ಸರ್ಕಾರದ ತೆರಿಗೆ, ಎಲ್ಲರೂ ಮೇಲ್ಭಾಗದಲ್ಲಿದ್ದಾರೆ. ಸಾಮಾನ್ಯ ಷೇರುದಾರನದು ಕಟ್ಟಕಡೆಯ ಗದ್ದೆ. ಕಾಲುವೆ ತುಂಬಿ ಹರಿವ ವರ್ಷ ಅವನಿಗೂ ಭರ್ಜರಿ ಬೆಳೆ, ಯಾಕಂದರೆ ಉಳಿದದ್ದೆಲ್ಲ ಅವನದೇ. ಬರದ ವರ್ಷ ಮೊದಲು ಒಣಗೋದೂ ಅವನದೇ.

ಆಸ್ಟ್ರೇಲಿಯಾದ ಎರಡನೇ ದೊಡ್ಡ ವಿಮಾನ ಕಂಪನಿ ವರ್ಜಿನ್ ಆಸ್ಟ್ರೇಲಿಯಾ 2020ರ ಏಪ್ರಿಲ್ 21ರಂದು ಕೈಚೆಲ್ಲಿ ಆಡಳಿತಗಾರರ ಕೈಗೆ ಹೋಯಿತು. ಬೇನ್ ಕ್ಯಾಪಿಟಲ್ ಅದನ್ನು ಕೊಂಡಿತು. ಅದೇ ಹೆಸರಿನ ವಿಮಾನಗಳು ಹಾರುತ್ತಲೇ ಇದ್ದವು, ಜನ ಹತ್ತುತ್ತಲೇ ಇದ್ದರು. 2025ರ ಜೂನ್‌ನಲ್ಲಿ ಕಂಪನಿ ಮತ್ತೆ ಷೇರುಪೇಟೆಗೂ ಬಂತು. ಹಳೆಯ ಷೇರುದಾರರಿಗೆ ಸಿಕ್ಕಿದ್ದು ಸೊನ್ನೆ. "ಜನ ಮತ್ತೆ ತಿರುಗಾಡ್ತಾರೆ" ಅನ್ನೋ ಭವಿಷ್ಯ ಅಕ್ಷರಶಃ ನಿಜವಾಯಿತು, ಅದನ್ನು ನಂಬಿ ಷೇರು ಹಿಡಿದು ಕೂತವನ ದುಡ್ಡು ಪೂರ್ತಿ ಹೋಯಿತು. ಎರಡೂ ಒಟ್ಟೊಟ್ಟಿಗೇ ಆಗಬಹುದು.

ನಮ್ಮಲ್ಲಿ? 2019ರಲ್ಲಿ ದೇಶದೊಳಗೆ 14.4 ಕೋಟಿ ಜನ ವಿಮಾನ ಹತ್ತಿದ್ದರು. 2023ರಲ್ಲಿ ಆ ಸಂಖ್ಯೆ 15.2 ಕೋಟಿ. ಪ್ರಯಾಣ ವಾಪಸ್ ಬಂದದ್ದಷ್ಟೇ ಅಲ್ಲ, ದಾಖಲೆಯನ್ನೂ ಮುರಿಯಿತು. ಅದೇ 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ದಿವಾಳಿ ಅರ್ಜಿ ಹಾಕಿ ವಿಮಾನ ನಿಲ್ಲಿಸಿತು. ಇಂಜಿನ್ ಪೂರೈಕೆ ಕೈಕೊಟ್ಟಿತು ಅಂತ ಕಂಪನಿ ಕಾರಣ ಹೇಳಿತು. ಕೊರೊನಾದಲ್ಲಿ ಸೊರಗಿದ ಮೈಗೆ ಇನ್ನೊಂದು ಏಟು ತಡೆಯೋ ತ್ರಾಣ ಇರಲಿಲ್ಲ ಅನ್ನೋದು ನನ್ನ ಓದು. 2025ರ ಜನವರಿಯಲ್ಲಿ ಅದನ್ನು ಮುಚ್ಚಿ ಆಸ್ತಿ ಮಾರಲು ಆದೇಶವಾಯಿತು. ಇದೇ ಕಂಪನಿ 2021ರ ಮೇನಲ್ಲಿ, ಎರಡನೇ ಅಲೆಯ ನಡುವೆ, 3,600 ಕೋಟಿ ರೂಪಾಯಿ ಎತ್ತಲು ಐಪಿಒ ಅರ್ಜಿ ಹಾಕಿತ್ತು. ಆ ಐಪಿಒ ಬರಲೇ ಇಲ್ಲ. ಬಂದಿದ್ದರೆ "ಪ್ರಯಾಣ ವಾಪಸ್ ಬರುತ್ತೆ" ಅನ್ನೋ ಅದೇ ಘೋಷಣೆಯ ಮೇಲೇ ಮಾರಾಟವಾಗುತ್ತಿತ್ತು.

ಜೆಟ್ ಏರ್‌ವೇಸ್ ಕಥೆ ಇನ್ನೂ ವಿಚಿತ್ರ. 2019ರ ಏಪ್ರಿಲ್‌ನಲ್ಲೇ ಹಾರಾಟ ನಿಲ್ಲಿಸಿದ್ದ ಕಂಪನಿ ಅದು. ಅದರ ಷೇರು ಮಾತ್ರ ಪೇಟೆಯಲ್ಲಿ ಹಾರುತ್ತಲೇ ಇತ್ತು. 2020ರ ಅಕ್ಟೋಬರಿನಲ್ಲಿ ಹೊಸ ಮಾಲೀಕರ ಯೋಜನೆಗೆ ಸಾಲಗಾರರು ಒಪ್ಪಿದ ಸುದ್ದಿ ಬಂದಾಗ ದಿನಾ ಅಪ್ಪರ್ ಸರ್ಕ್ಯೂಟ್. 2024ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಆ ಯೋಜನೆ ಜಾರಿಯಾಗಲೇ ಇಲ್ಲ ಅಂತ ಕಂಪನಿಯನ್ನು ಮುಚ್ಚಲು ಆದೇಶ ಕೊಟ್ಟಿತು. ಸುದ್ದಿ ನಂಬಿ ಕೊಂಡು ಕೊನೆ ತನಕ ಹಿಡಿದವರು ಕೊನೆಯ ಗದ್ದೆಯಲ್ಲೇ ಉಳಿದರು.

ಇದಕ್ಕೆ ಮಹಾಮಾರಿಯೇ ಬರಬೇಕು ಅಂತಲೂ ಇಲ್ಲ. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ 2003ರಲ್ಲಿ ಹುಬ್ಬಳ್ಳಿ-ಬೆಂಗಳೂರು ನಡುವೆ ಮೊದಲ ವಿಮಾನ ಹಾರಿಸಿತು. ಸಾಮಾನ್ಯರೂ ವಿಮಾನ ಹತ್ತಬಹುದು ಅನ್ನೋ ಅವರ ಲೆಕ್ಕ ನೂರಕ್ಕೆ ನೂರು ಸರಿಯಾಗಿತ್ತು. ಆ ಕಂಪನಿ ಮಾತ್ರ ಕಿಂಗ್‌ಫಿಷರ್ ಕೈ ಸೇರಿತು, ಕಿಂಗ್‌ಫಿಷರ್ 2012ರ ಅಕ್ಟೋಬರಿನಲ್ಲಿ ನಿಂತಿತು. ಅದಕ್ಕೆ ಸುಮಾರು ಒಂದೂವರೆ ವರ್ಷ ಮೊದಲು ಬ್ಯಾಂಕುಗಳು ತಮ್ಮ ಸಾಲದ ಒಂದು ಭಾಗವನ್ನು ಷೇರಿಗೆ ಬದಲಾಯಿಸಿಕೊಂಡಿದ್ದವು. ಪೇಟೆಯಲ್ಲಿ 40 ರೂಪಾಯಿ ಆಸುಪಾಸಿನಲ್ಲಿದ್ದ ಷೇರನ್ನು ಅವು ತೆಗೆದುಕೊಂಡದ್ದು 64 ರೂಪಾಯಿ 48 ಪೈಸೆಗೆ! ಲೆಕ್ಕಪತ್ರ ಪೂರ್ತಿ ಓದಬಲ್ಲ ಬ್ಯಾಂಕಿನವರೇ ಹೀಗೆ ಎಡವಿದರೆ, ಮೂರು ನಿಮಿಷದ ವಿಡಿಯೋ ನೋಡಿ ಕೊಳ್ಳುವವರ ಪಾಡೇನು?

ಇನ್ನು ಮೂರನೆಯ ಪ್ರಶ್ನೆ, ಪಾಲಿನದು. ಹತ್ತು ಎಕರೆ ಹೊಲ ಇಬ್ಬರು ಅಣ್ಣತಮ್ಮಂದಿರದ್ದು ಅಂದ್ಕೊಳ್ಳಿ. ಸಾಲ ತೀರಿಸೋಕೆ ಇನ್ನಿಬ್ಬರನ್ನು ಪಾಲಿಗೆ ಸೇರಿಸಿದರು. ಹೊಲ ಅಷ್ಟೇ ಇದೆ, ಬೆಳೆಯೂ ಮೊದಲಿನ ಹಾಗೇ ಬಂತು. ನಿಮ್ಮ ಮನೆಗೆ ಬರುವ ಚೀಲ ಮಾತ್ರ ಅರ್ಧ. ಕಂಪನಿ ಕಷ್ಟದಲ್ಲಿ ಹೊಸ ಷೇರು ಮಾರಿದಾಗ ಆಗೋದು ಇದೇ.

ಕ್ರೂಸ್ ಹಡಗುಗಳ ದೊಡ್ಡ ಕಂಪನಿ ಕಾರ್ನಿವಲ್ ನೋಡಿ. 2020ರ ಶುರುವಿನಲ್ಲಿ ಅದರ ಷೇರು 50 ಡಾಲರ್ ಹತ್ತಿರ ಇತ್ತು. ಏಪ್ರಿಲ್‌ನಲ್ಲಿ ಬದುಕಿಕೊಳ್ಳೋಕೆ 8 ಡಾಲರಿಗೆ ಹೊಸ ಷೇರು ಮಾರಿತು, 11.5 ಪರ್ಸೆಂಟ್ ಬಡ್ಡಿಗೆ ಸಾಲ ಎತ್ತಿತು. ಆಮೇಲೂ ಮಾರಿತು, ಆಮೇಲೂ ಎತ್ತಿತು. ಷೇರುಗಳ ಸಂಖ್ಯೆ ಹತ್ತಿರ ಹತ್ತಿರ ಎರಡು ಪಟ್ಟಾಯಿತು. 2024ರಲ್ಲಿ ಹಡಗುಗಳು ಭರ್ತಿ, ಆದಾಯ 25 ಬಿಲಿಯನ್ ಡಾಲರ್, ಅಲ್ಲಿಯವರೆಗಿನ ದಾಖಲೆ. ಆ ವರ್ಷದ ಕೊನೆಗೆ ಷೇರಿನ ಬೆಲೆ ಸುಮಾರು 25 ಡಾಲರ್, ಹಳೆಯದರ ಅರ್ಧ. 8 ಡಾಲರಿಗೆ ಕೊಂಡವರು ಗೆದ್ದರು, ಒಪ್ಪೋಣ. ಆದರೆ "ಬಿದ್ದಾಗ ಕೊಳ್ಳಿ" ಅನ್ನೋ ಮಾತು 40 ಡಾಲರ್ ಇದ್ದಾಗಲೂ ಅಷ್ಟೇ ಜೋರಾಗಿ ಕೇಳುತ್ತಿತ್ತು. ಎಷ್ಟು ಬಿದ್ದರೆ ಬಿದ್ದ ಹಾಗೆ ಅಂತ ಆ ಮಾತು ಹೇಳೋದೇ ಇಲ್ಲ.

ನಮ್ಮ ಸ್ಪೈಸ್‌ಜೆಟ್ ಕೂಡ ಇದೇ ದಾರಿ ಹಿಡಿಯಿತು. 2020ರ ಜನವರಿಯಲ್ಲಿ ನೂರು ರೂಪಾಯಿ ಮೇಲಿದ್ದ ಷೇರು ಅದು. 2024ರ ಸೆಪ್ಟೆಂಬರಿನಲ್ಲಿ ಕಂಪನಿ 61 ರೂಪಾಯಿ 60 ಪೈಸೆಯಂತೆ ದೊಡ್ಡ ಹೂಡಿಕೆದಾರರಿಗೆ ಷೇರು ಕೊಟ್ಟು 3,000 ಕೋಟಿ ಎತ್ತಿತು. ಕೊರೊನಾಗೆ ಮೊದಲು ಸುಮಾರು 60 ಕೋಟಿ ಇದ್ದ ಒಟ್ಟು ಷೇರುಗಳು ಈಗ 120 ಕೋಟಿ ದಾಟಿವೆ. ಕಂಪನಿ ಉಳಿದಿದೆ, ವಿಮಾನವೂ ಹಾರ್ತಿದೆ. ಹಳಬರ ಪಾಲು ಅರ್ಧಕ್ಕೆ ಇಳಿದಿದೆ.

2020ರ ಮೇ 2ರಂದು ವಾರೆನ್ ಬಫೆಟ್ ತಮ್ಮ ಬಳಿಯಿದ್ದ ಅಮೆರಿಕದ ನಾಲ್ಕು ವಿಮಾನ ಕಂಪನಿಗಳ ಷೇರನ್ನು ಪೂರ್ತಿ ಮಾರಿದ್ದೇವೆ ಅಂದಾಗ ಬಹಳ ಜನ ನಕ್ಕರು. ಮುದುಕನಿಗೆ ಹೆದರಿಕೆ ಹಿಡಿಯಿತು, ತಳದಲ್ಲಿ ಮಾರಿದ ಅಂದರು. ಆ ವರ್ಷವೇ ಬೆಲೆ ಏರಿದ್ದರಿಂದ ನಗು ಇನ್ನೂ ಜೋರಾಯಿತು. ಆದರೆ ಅವರು ಅಂದು ಕೊಟ್ಟ ಕಾರಣದಲ್ಲಿ ಈ ಮೂರನೇ ಪ್ರಶ್ನೆಯೇ ಇತ್ತು: ಈ ಕಂಪನಿಗಳು ಬದುಕೋಕೆ ಭಾರೀ ಸಾಲ ಮಾಡಬೇಕು, ಕೆಲವು ಷೇರನ್ನೂ ಮಾರಬೇಕು, ಹಾಗಾಗಿ ಮುಂದೆ ಬರುವ ಲಾಭ ಹಳೆಯ ಷೇರುದಾರನಿಗೆ ಪೂರ್ತಿ ಸಿಗಲ್ಲ. ಅವರು ಮಾರಿದ ನಾಲ್ಕರಲ್ಲಿ ಒಂದಾದ ಅಮೆರಿಕನ್ ಏರ್‌ಲೈನ್ಸ್ 2024 ಮುಗಿದರೂ ಕೊರೊನಾ ಮುಂಚಿನ ಬೆಲೆಗೆ ಮರಳಿರಲಿಲ್ಲ.

ಹಾಗಾದರೆ ಗೆದ್ದವರು ಯಾರೂ ಇಲ್ವಾ? ಇದ್ದಾರೆ, ಅವರು ಯಾಕೆ ಗೆದ್ದರು ಅಂತ ನೋಡಿದರೆ ನನ್ನ ತಕರಾರು ಇನ್ನೂ ಗಟ್ಟಿಯಾಗುತ್ತೆ. ಇಂಡಿಗೋ ಉಳಿದದ್ದು ಜನ ಮತ್ತೆ ತಿರುಗಾಡಿದರು ಅಂತಲ್ಲ, ತಿರುಗಾಡುವ ತನಕ ತಡೆದುಕೊಳ್ಳೋಕೆ ಗಂಟಿತ್ತು ಅಂತ. 2020ರ ಮಾರ್ಚ್ ಕೊನೆಗೆ ಅದರ ಬಳಿ ಸುಮಾರು 20,000 ಕೋಟಿ ನಗದಿತ್ತು, ಅದರಲ್ಲಿ ಮುಕ್ತವಾಗಿ ಬಳಸಬಹುದಾದದ್ದು ಸುಮಾರು 8,900 ಕೋಟಿ. ಆ ಹೊತ್ತಿಗೆ ದಿನಕ್ಕೆ ಸುಮಾರು 40 ಕೋಟಿ ಕರಗುತ್ತಿತ್ತು. ಭಾಗಿಸಿ ನೋಡಿ, 220 ದಿನ. ಆಮೇಲೆ ಖರ್ಚು ಇಳಿಸಿದರು, ನೂರರಲ್ಲಿ ಹತ್ತು ನೌಕರರನ್ನು ಮನೆಗೆ ಕಳಿಸಿದರು. 4,000 ಕೋಟಿಯ ಹೊಸ ಷೇರು ಮಾರುವ ಯೋಚನೆಯನ್ನು 2021ರ ಜನವರಿಯಲ್ಲಿ ಕೈಬಿಟ್ಟರು. ಹಳೆಯ ಷೇರುದಾರನ ಪಾಲು ಹಾಗಾಗಿ ತೆಳುವಾಗಲಿಲ್ಲ.

ಬಿಡದಿಯ ವಂಡರ್‌ಲಾ ವಿಮಾನ ಕಂಪನಿಯಲ್ಲ, ಆದರೆ ಜನ ಮನೆ ಬಿಟ್ಟು ಹೊರಟರೆ ಮಾತ್ರ ಅದಕ್ಕೂ ಆದಾಯ. ತಿಂಗಳುಗಟ್ಟಲೆ ಪಾರ್ಕುಗಳು ಮುಚ್ಚಿದವು, 2020-21 ನಷ್ಟದಲ್ಲೇ ಮುಗಿಯಿತು. ಸಾಲ ಇಲ್ಲವೆಂಬಷ್ಟು ಕಡಿಮೆ ಇದ್ದುದರಿಂದ ಬಾಗಿಲು ಬಡಿಯುವವರು ಇರಲಿಲ್ಲ. 2022-23ರಲ್ಲಿ 149 ಕೋಟಿಯಷ್ಟು ಲಾಭ ಬಂತು. ಎರಡೂ ಕಡೆ ವ್ಯತ್ಯಾಸ ತಂದದ್ದು ಪ್ರಯಾಣದ ಭವಿಷ್ಯವಾಣಿಯಲ್ಲ, ಬ್ಯಾಲೆನ್ಸ್ ಶೀಟು. ಅದನ್ನು 2020ರಲ್ಲೇ ಯಾರು ಬೇಕಾದರೂ ಬಿಟ್ಟಿಯಾಗಿ ಓದಬಹುದಿತ್ತು. ಸಲಹೆ ಕೊಟ್ಟವರಲ್ಲಿ ಬಹುಪಾಲು ಜನ ಆ ಮಾತೇ ಎತ್ತಲಿಲ್ಲ.

ಹರ್ಟ್ಸ್ ಉದಾಹರಣೆ ತಂದು ವಾದಿಸುವವರೂ ಇದ್ದಾರೆ. ಅಮೆರಿಕದ ಆ ಬಾಡಿಗೆ ಕಾರಿನ ಕಂಪನಿ 2020ರ ಮೇ 22ರಂದು ದಿವಾಳಿ ರಕ್ಷಣೆ ಕೋರಿತು. ಮೊಬೈಲ್ ಆ್ಯಪಿನ ಹುಡುಗರು ಆ ಷೇರಿಗೆ ಮುಗಿಬಿದ್ದರು. ಕಂಪನಿಯೇ "ಈ ಷೇರಿಗೆ ಏನೂ ಬೆಲೆ ಇಲ್ಲದೆ ಹೋಗಬಹುದು" ಅಂತ ಎಚ್ಚರಿಸಿ ಮತ್ತಷ್ಟು ಷೇರು ಮಾರಲು ಹೊರಟು, ನಿಯಂತ್ರಕರು ಪ್ರಶ್ನೆ ಎತ್ತಿದ ಮೇಲೆ ನಿಲ್ಲಿಸಿತು. ಕೊನೆಗೆ 2021ರಲ್ಲಿ ಷೇರುದಾರರಿಗೆ ಒಂದಿಷ್ಟು ಸಿಕ್ಕಿತು, ನಿಜ. ಕಣ್ಣು ಮುಚ್ಚಿ ರಸ್ತೆ ದಾಟಿದವನು ಒಮ್ಮೆ ಬದುಕಿದ ಅಂತ ಅದನ್ನು ರಸ್ತೆ ದಾಟುವ ವಿಧಾನ ಅಂತ ಕಲಿಸೋಕಾಗುತ್ತಾ?

ಪ್ರಯಾಣದ ಷೇರಿಗೆ ಇನ್ನೊಬ್ಬ ಪಾಲುದಾರನಿದ್ದಾನೆ, ಸರ್ಕಾರ. ಮಹಾಮಾರಿಯಲ್ಲಿ ಅವನ ಕೈ ಉದ್ದವಾಗುತ್ತೆ. 2020ರ ಮೇ 25ರಂದು ವಿಮಾನಗಳು ಮತ್ತೆ ಶುರುವಾದಾಗ ಮೂರರಲ್ಲಿ ಒಂದು ಭಾಗ ಹಾರಾಟಕ್ಕಷ್ಟೇ ಅನುಮತಿ ಸಿಕ್ಕಿತು, ಟಿಕೆಟ್ ದರಕ್ಕೆ ಮೇಲೂ ಕೆಳಗೂ ಮಿತಿ ಬಂತು. ಪೂರ್ತಿ ಹಾರಾಟಕ್ಕೆ 2021ರ ಅಕ್ಟೋಬರ್ ತನಕ, ದರದ ಮಿತಿ ಹೋಗಲು 2022ರ ಆಗಸ್ಟ್ ಕೊನೆಯ ತನಕ ಕಾಯಬೇಕಾಯಿತು. ಆರೋಗ್ಯದ ದೃಷ್ಟಿಯಿಂದ, ಪ್ರಯಾಣಿಕರ ದೃಷ್ಟಿಯಿಂದ ಇದು ಸರಿಯೇ ಇರಬಹುದು. ಷೇರುದಾರನ ಲೆಕ್ಕದಲ್ಲಿ ಮಾತ್ರ ಇದು ಯಾರೂ ಮೊದಲೇ ಹೇಳದ ಖರ್ಚು.

ಐಆರ್‌ಸಿಟಿಸಿ ಷೇರಿನಲ್ಲಿ ಈ ಪಾಲುದಾರನ ಮುಖ ಸ್ಪಷ್ಟವಾಗಿ ಕಂಡಿತು. ನಮ್ಮ ಸಿಂಧನೂರಿಗೆ ರೈಲು ಬಂದದ್ದೇ 2024ರಲ್ಲಿ, ಆದರೆ ರೈಲ್ವೆ ಟಿಕೆಟ್ ಮಾರುವ ಕಂಪನಿಯ ಷೇರಿನ ಮಾತು ಅದಕ್ಕೆ ಎಷ್ಟೋ ಮೊದಲೇ ನಮ್ಮ ಕಡೆ ಬಂದಿಳಿದಿತ್ತು! 2019ರ ಅಕ್ಟೋಬರಿನಲ್ಲಿ 320 ರೂಪಾಯಿಗೆ ಕೊಟ್ಟ ಷೇರು 2021ರ ಅಕ್ಟೋಬರಿನಲ್ಲಿ 6,000 ದಾಟಿತು. ಆನ್‌ಲೈನ್ ರೈಲ್ವೆ ಟಿಕೆಟ್ಟಿಗೆ ಇದೊಂದೇ ಅಂಗಡಿ, ಯಾರು ಏನು ಮಾಡೋಕಾಗುತ್ತೆ ಅಂತ ಎಲ್ಲರ ಧೈರ್ಯ. ಅಕ್ಟೋಬರ್ 28ರಂದು ರೈಲ್ವೆ ಇಲಾಖೆ ಒಂದು ಪತ್ರ ಬರೆದು, ಟಿಕೆಟ್ ಬುಕಿಂಗಿನ ಕನ್ವೀನಿಯನ್ಸ್ ಶುಲ್ಕದಲ್ಲಿ ಅರ್ಧ ನಮಗೆ ಕೊಡಿ ಅಂದಿತು. ಮರುದಿನ ಬೆಳಿಗ್ಗೆ ಷೇರು ಶೇಕಡಾ 25ಕ್ಕೂ ಹೆಚ್ಚು ಕುಸಿಯಿತು. ಅದೇ ದಿನ ಸರ್ಕಾರ ಪತ್ರ ವಾಪಸ್ ತಗೊಂಡಿತು. ಹೆದರಿ ಬೆಳಿಗ್ಗೆ ಮಾರಿದವರ ದುಡ್ಡನ್ನು ಯಾರೂ ವಾಪಸ್ ಕೊಡಲಿಲ್ಲ.

ಇಷ್ಟೆಲ್ಲ ಕಂಪನಿಯ ಕಡೆಯ ಮಾತಾಯಿತು. ಕೊಳ್ಳುವವನ ಕಡೆಯ ಮಾತು ಇನ್ನೂ ಮುಖ್ಯ. ಮಹಾಮಾರಿ ವಿಮಾನ ಕಂಪನಿಯ ಬಾಗಿಲನ್ನಷ್ಟೇ ಬಡಿಯಲ್ಲ. 2020ರ ಮೇ ಮೊದಲ ವಾರ ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲಿ ಊರಿಗೆ ಹೋಗಲು ಗಂಟು ಮೂಟೆ ಹೊತ್ತು ನಿಂತ ಜನರ ಸಾಲು ನೆನಪಿಸಿಕೊಳ್ಳಿ. ಸರ್ಕಾರ ಕೆಲವು ದಿನ ಬಸ್ ಉಚಿತ ಮಾಡಬೇಕಾಯಿತು, ಅಷ್ಟು ಜನರ ಕೈಯಲ್ಲಿ ಟಿಕೆಟ್ಟಿಗೂ ಕಾಸಿರಲಿಲ್ಲ. ಲ್ಯಾಪ್‌ಟಾಪ್ ಕೆಲಸದವರು ಆ ಸಾಲಿನಲ್ಲಿ ನಿಲ್ಲಲಿಲ್ಲ. ಆದರೆ ಅವರಲ್ಲೂ ಸಂಬಳ ಕಡಿತ ಆದವರು, ಕೆಲಸ ಕಳೆದುಕೊಂಡವರು, ಮುಂದಿನ ವರ್ಷ ಆಸ್ಪತ್ರೆ ಬಿಲ್ಲಿಗೆ ಓಡಾಡಿದವರು ಕಡಿಮೆಯೇನಲ್ಲ. ಷೇರು ಅಗ್ಗವಾಗಿದ್ದ ದಿನ, ಕೆಲಸ ಅಲುಗಾಡಿದ ದಿನ, ಊರಿನಲ್ಲಿ ಅಪ್ಪ ಅಮ್ಮನಿಗೆ ದುಡ್ಡು ಬೇಕಾದ ದಿನ, ಮೂರೂ ಒಂದೇ ದಿನ ಬರುತ್ತವೆ. "ದೀರ್ಘಾವಧಿಗೆ ಹಿಡಿದುಕೊಳ್ಳಿ" ಅನ್ನುವ ಸಲಹೆ ಯಾರಿಗೆ? ಹಿಡಿದುಕೊಳ್ಳೋ ಶಕ್ತಿ ಇದ್ದವನಿಗೆ. ಎರಡು ವರ್ಷ ಕಾದರೆ ನಾಲ್ಕು ಪಟ್ಟಾಗುವ ಷೇರನ್ನೂ ಎರಡೇ ತಿಂಗಳಿಗೆ ನಷ್ಟದಲ್ಲಿ ಮಾರಿಸುವ ಶಕ್ತಿ ಒಂದು ಆಸ್ಪತ್ರೆ ಬಿಲ್ಲಿಗಿದೆ.

ಹಾಗಂತ ಪ್ರಯಾಣದ ಷೇರು ಮುಟ್ಟಲೇಬೇಡಿ ಅಂತ ನಾನು ಹೇಳ್ತಿಲ್ಲ. ಫಾರ್ವರ್ಡ್ ಬಂದಾಗ ಅದರಲ್ಲಿ ಇಲ್ಲದ ಸಾಲುಗಳನ್ನು ಕೇಳಿ ಅಷ್ಟೇ. ಒಂದು ರೂಪಾಯಿ ಆದಾಯ ಇಲ್ಲದೆ ಈ ಕಂಪನಿ ಎಷ್ಟು ದಿನ ಬಾಳುತ್ತೆ? ಸಾಲ ಎಷ್ಟು, ಯಾವಾಗ ಕಟ್ಟಬೇಕು? ಹೊಸ ಷೇರು ಮಾರಬೇಕಾಗಿ ಬಂದರೆ ಯಾವ ಬೆಲೆಗೆ? ಮತ್ತೆ ಈಗ ನಿಮಗೆ ಮಾರುತ್ತಿರುವವರು ಯಾರು? ಈಸ್ ಮೈ ಟ್ರಿಪ್ 2021ರ ಮಾರ್ಚ್‌ನಲ್ಲಿ, ಎರಡನೇ ಅಲೆಯ ಹೊಸ್ತಿಲಲ್ಲಿ, 510 ಕೋಟಿಯ ಐಪಿಒ ತಂದಿತು. ಅಷ್ಟೂ ಹಳೆಯ ಮಾಲೀಕರು ತಮ್ಮ ಪಾಲು ಮಾರಿದ್ದು. ಕಂಪನಿಯ ಗಲ್ಲಾಪೆಟ್ಟಿಗೆಗೆ ಅದರಲ್ಲಿ ಏನೂ ಹೋಗಲಿಲ್ಲ. ಅದರಲ್ಲಿ ತಪ್ಪೇನಿಲ್ಲ, ಕಾನೂನಿನ ಪ್ರಕಾರವೇ ಇದೆ. ಆದರೆ ವ್ಯಾಪಾರದ ಒಳಹೊರಗು ಬಲ್ಲವನು ಮಾರುವಾಗ, ಏನೂ ತಿಳಿಯದ ನಾನು ಯಾಕೆ ಕೊಳ್ತಿದೀನಿ ಅಂತ ಒಂದು ಕ್ಷಣ ಯೋಚಿಸಬೇಕಲ್ಲ?

ಕೊನೆಯ ಪ್ರಶ್ನೆ ನಿಮಗೇ ನೀವು ಕೇಳಿಕೊಳ್ಳಬೇಕಾದದ್ದು. ಆರು ತಿಂಗಳು ಸಂಬಳ ಬರದಿದ್ದರೂ ಈ ಷೇರು ಮಾರದೆ ಮನೆ ನಡೆಸ್ತೀರಾ? ಹೌದು ಅಂತಾದರೆ, ಆಗ ಕಂಪನಿಯ ಲೆಕ್ಕ ತೆಗೆದು ನೋಡಿ. ಇಲ್ಲ ಅಂತಾದರೆ, ಐದು ಪರ್ಸೆಂಟಿನ ಎಫ್‌ಡಿ ಅಷ್ಟೇನೂ ಕೆಟ್ಟದ್ದಲ್ಲ. ಬೇಕು ಅಂದ ದಿನ ಅದನ್ನು ಮುರಿಸಿ ಊರಿಗೆ ದುಡ್ಡು ಕಳಿಸಬಹುದು.